ಜೂನ್ ಒಂದರ ಹುಟ್ಟುಹಬ್ಬ

ಮೊನ್ನೆ ನಮ್ಮ ಊಟದ ಮೇಜಿನ ಮೇಲೆ ಶಾಲೆಯ ಅರ್ಜಿ ಫಾರಂ ಒಂದು ಬಂದು ಕೂತಿತು. ಪೆನ್ನಿಗೆ ತುಂಬಲೆಂದು ಮಸಿ ಬಾಟಲಿಯ ಮುಚ್ಚಳ ತಿರುಗಿಸಿದ್ದೇ ತಡ, ಆ ವಾಸನೆಗೆ ನನ್ನ ಕೈ ತಾನಾಗಿ ನಿಂತುಬಿಟ್ಟಿತು. ‘ಹುಟ್ಟಿದ ದಿನಾಂಕ’ ಎಂಬ ಖಾನೆಗೂ ನನಗೂ ಹಳೆಯದೊಂದು ಜಗಳವಿದೆ. ಪುರುಸೊತ್ತಿದ್ದರೆ ಕೇಳಿ, ಹೇಳುತ್ತೇನೆ.

ಕಾನ್ವೆಂಟಿನ ಸಿಸ್ಟರುಗಳಿಂದ ನಾನು ಕಲಿತದ್ದು ದುಂಡಗಿನ ಅಕ್ಷರ ಮತ್ತು ಸುಳ್ಳು ಹೇಳಲು ಭಯ. ಮದುವೆಯಾಗಿ ಕುಕ್ ಟೌನಿಗೆ ಬಂದ ಮೇಲೆ ಅಕ್ಷರಕ್ಕೆ ಬಹಳ ಬೇಡಿಕೆ ಬಂತು. ರೇಷನ್ ಕಾರ್ಡು, ಗ್ಯಾಸು, ಯಾರ ಅರ್ಜಿಯಾದರೂ ನಮ್ಮ ವರಾಂಡಕ್ಕೇ ಬರುತ್ತಿತ್ತು. ತೊಂಬತ್ತರ ದಶಕದ ಮೊದಲಲ್ಲಿ, ನಮ್ಮ ಮನೆಗೆಲಸದ ಮಲ್ಲಮ್ಮ ತನ್ನ ಮಗಳು ಭಾಗ್ಯಳ ಶಾಲೆಯ ಫಾರಂ ತಂದಳು. ಯಾದಗಿರಿ ಕಡೆಯವಳು, ಬೈಯಪ್ಪನಹಳ್ಳಿಯ ವಠಾರವೊಂದರಲ್ಲಿ ಬಾಡಿಗೆ ಕೋಣೆ. ಮಗುವಿಗೆ ಐದು ತುಂಬಿರಲಿಲ್ಲ. ಸೀಟು ಸಿಗದಿದ್ದರೆ ಇನ್ನೊಂದು ವರ್ಷ ಆ ಕೋಣೆಯಲ್ಲಿ ಒಬ್ಬಳೇ. ಹುಟ್ಟಿದ ದಿನ ಇವರಿಗೆಲ್ಲಿ ಗೊತ್ತಿರುತ್ತದೆ ಎಂದುಕೊಂಡು, ಮಲ್ಲಮ್ಮನನ್ನು ಕೇಳದೆಯೇ, ಎಲ್ಲರೂ ಬರೆಯುವ ಹಾಗೆ ಜೂನ್ ಒಂದು ಎಂದು ಬರೆದೆ. ಇಸವಿಯನ್ನು ಒಂದು ವರ್ಷ ಹಿಂದಕ್ಕೆ ಸರಿಸಿದೆ. ಆಗಿನ ಶಾಲೆಗಳಲ್ಲಿ ಅರ್ಧ ತರಗತಿ ಜೂನ್ ಒಂದರಂದೇ ಹುಟ್ಟಿರುತ್ತಿದ್ದದ್ದು ನಿಮಗೂ ನೆನಪಿರಬೇಕು. ಹೆಡ್‌ಮಾಸ್ಟರರು ಅಕ್ಷರ ನೋಡಿ ಹೊಗಳಿದರಂತೆ. ನಾನು ಎರಡು ದಿನ ಬೀಗಿಕೊಂಡು ಓಡಾಡಿದೆ.

ಶಾಲೆ ಬಿಟ್ಟ ಮೇಲೆ ಭಾಗ್ಯ ನಮ್ಮ ಅಡುಗೆಮನೆಯ ಹೊಸ್ತಿಲ ಬಳಿ ಕೂತು ಹೋಂವರ್ಕ್ ಮುಗಿಸಿ ತನ್ನ ಕೋಣೆಗೆ ಹೋಗುತ್ತಿದ್ದಳು. ಹನ್ನೊಂದು ತುಂಬಿದ ವರ್ಷ ಒಂದು ಸಣ್ಣ ಬದಲಾವಣೆ ಕಂಡೆ. ಹೊರಡುವ ಹೊತ್ತಾದರೆ ಪೆನ್ಸಿಲ್ ಚೂಪು ಮಾಡಲು ಶುರುಮಾಡುತ್ತಿದ್ದಳು. ಸೂಜಿಯಂತಿದ್ದರೂ ಮತ್ತೆ ಮತ್ತೆ. ಹದಿನೈದು ದಿನ ನೋಡಿ, ಕೊನೆಗೆ, "ಯಾಕೆ ಪುಟ್ಟಿ, ಮನೆಗೆ ಹೋಗಕ್ಕೆ ಇಷ್ಟ ಇಲ್ವಾ?" ಎಂದೆ. ಹೇಳಿದಳು. ವಠಾರದ ಮಾಲೀಕನ ತಮ್ಮ. ಅಮ್ಮ ಸಂಜೆಯ ಕೆಲಸಕ್ಕೆ ಹೋದಾಗ. ನಾನು ಇಷ್ಟೇ ಬರೆಯುತ್ತೇನೆ. ಮಿಕ್ಕದ್ದು ಅವಳಿಗೆ ಸೇರಿದ್ದು.

ಅಂದೇ ಪೊಲೀಸ್ ಠಾಣೆ, ಮರುದಿನ ಆಸ್ಪತ್ರೆ. ಮಲ್ಲಮ್ಮ ಮಗಳನ್ನು ಕರೆದುಕೊಂಡು ನಮ್ಮ ಮನೆಯ ಹಿಂದಿನ ಕೋಣೆಗೆ ಬಂದುಬಿಟ್ಟಳು. ಕೇಸು ವಿಚಾರಣೆಗೆ ಬರುವ ಮೊದಲು ಸರ್ಕಾರಿ ವಕೀಲರಾದ ನಸೀಮಾ ಮೇಡಂ ನಮ್ಮನ್ನು ಕರೆಸಿಕೊಂಡರು. ಶಿವಾಜಿನಗರದವರು, ಮಾತು ಚುರುಕು.

"ನೋಡೀಮ್ಮ, ಅವನು ಬಾಯಿ ಮುಚ್ಕೊಂಡು ಕೂತಿದ್ರೂ ನಡಿಯತ್ತೆ. ಪ್ರೂವ್ ಮಾಡ್ಬೇಕಾಗಿರೋದು ನಾವು. ಏನಾಯ್ತು, ಮಾಡಿದ್ದು ಇವನೇನಾ, ಮಗು ವಯಸ್ಸೆಷ್ಟು, ಹದಿನೈದು ದಿನ ಯಾಕೆ ಸುಮ್ನಿದ್ಲು, ಎಲ್ಲಾ."

"ನೋಡಿದವರು ಯಾರೂ ಇಲ್ವಲ್ಲ?" ಎಂದೆ.

"ಇಂಥ ಕೆಲ್ಸಕ್ಕೆ ನಾಲ್ಕು ಜನಾನ ಕರ್ಕೊಂಡ್ ಹೋಗ್ತಾರಾ? ಮಗು ಮಾತು ಜಡ್ಜಿಗೆ ನಂಬಿಕೆ ಬಂದ್ರೆ ಅದೊಂದೇ ಸಾಕು. ಆದ್ರೆ ಯಾರೋ ಹೇಳ್ಕೊಟ್ಟಂಗಿರಬಾರ್ದು."

ನಾನು ಹೆಮ್ಮೆಯಿಂದ, "ದಿನಾ ಪ್ರಾಕ್ಟೀಸ್ ಮಾಡಿಸ್ತಿದೀನಿ ಮೇಡಂ. ನೆಟ್ಟಗೆ ನಿಂತು, ಸ್ಪಷ್ಟವಾಗಿ..." ಎಂದೆ. ನನಗೆ ಶಾಲೆಯಲ್ಲಿ ಭಾಷಣ ಸ್ಪರ್ಧೆಯ ಬಹುಮಾನಗಳು ಬಂದಿದ್ದವು ನೋಡಿ.

ನಸೀಮಾ ಮೇಡಂ ಹಣೆ ಹಿಡಿದುಕೊಂಡರು. "ಇವತ್ತಿಂದ ನಿಲ್ಸಿ! ಅವಳ ಬಾಯಲ್ಲಿ ನಿಮ್ಮ ಕನ್ನಡ ಬಂದ್ರೆ ಕೇಸ್ ಮುಗೀತು. ಹೇಳ್ತಾಳೋ, ಅಳ್ತಾಳೋ, ಅವಳಿಗೆ ಬಿಟ್ಬಿಡಿ." ಆಮೇಲೆ ಶಾಲೆಯ ದಾಖಲೆ ಮುಂದಿಟ್ಟರು. "ಇದ್ರಲ್ಲಿ ಹನ್ನೆರಡು ದಾಟಿದೆ. ಹನ್ನೆರಡರ ಒಳಗಾದ್ರೆ ಶಿಕ್ಷೆ ಜಾಸ್ತಿ. ಯಾರು ಬರೆದಿದ್ದು ಈ ಡೇಟು?"

ನನ್ನ ದುಂಡಗಿನ ಅಕ್ಷರ ನನ್ನನ್ನೇ ನೋಡುತ್ತಿತ್ತು. ಒಪ್ಪಿಕೊಂಡೆ.

"ಅಯ್ಯೋ ಅಲ್ಲಾ! ಇಷ್ಟು ಚೆನ್ನಾಗ್ ಬರ್ದಿದೀರ, ಅವರ ವಕೀಲ ಫ್ರೇಮ್ ಹಾಕಿಸ್ಕೋತಾನೆ. ವಯಸ್ಸು ಬಿಡಿ, ಡೇಟಲ್ಲೇ ಸುಳ್ಳು ಹೇಳಿದೋರು ಮಿಕ್ಕಿದ್ದಕ್ಕೂ ಹೇಳ್ತಾರೆ ಅಂತಾನೆ."

ಮಗುವಿಗೆ ಒಂದು ವರ್ಷ ಉಳಿಯಲೆಂದು ಬರೆದ ಸಾಲು, ಅವಳ ಮಾತನ್ನೇ ಮುಳುಗಿಸುವಂತಾಗಿತ್ತು. ಆಗ ಗೋಡೆಗೊರಗಿ ನಿಂತಿದ್ದ ಮಲ್ಲಮ್ಮ ಮೆಲ್ಲಗೆ ಬಾಯಿ ಬಿಟ್ಟಳು. "ದವಾಖಾನಿ ಚೀಟಿ ನಡೀತದೇನ್ರಿ?"

ಊರಿಂದ ಬಂದ ಹೊಸದರಲ್ಲಿ, ಒಂದೂವರೆ ತಿಂಗಳ ಕೂಸಿಗೆ ಹಲಸೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸೂಜಿ ಹಾಕಿಸಿದ ಚೀಟಿ. ತಾರೀಖು, ಕೂಸಿನ ವಯಸ್ಸು, ಮೊಹರು, ಎಲ್ಲ ಇತ್ತು. ತವರಿನ ಸೀರೆಯ ಮಡಿಕೆಯಲ್ಲಿ, ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದಳು.

"ಅವತ್ತೇ ಯಾಕೆ ಹೇಳಲಿಲ್ಲ ಮಲ್ಲಮ್ಮ?" ಎಂದೆ.

"ನೀವು ಕೇಳಲೇ ಇಲ್ಲಲ್ರೀ ಅಕ್ಕಾರ. ಓದಿದವ್ರು, ಬರದ್ರಿ. ನಾ ಸುಮ್ಕಾದೆ."

ನಾನು ಸಾಕ್ಷಿ ಕಟ್ಟೆ ಹತ್ತಿದಾಗ ಎದುರು ವಕೀಲರು ನನ್ನ ಫಾರಂ ಎತ್ತಿ ಹಿಡಿದರು. "ಅಂದ್ರೆ ನೀವು ಸುಳ್ಳು ಬರೀತೀರಿ?"

"ಅವತ್ತು ಬರೆದೆ," ಎಂದೆ.

"ಇವತ್ತು?"

"ಇವತ್ತು ಅದನ್ನ ಒಪ್ಕೊಳ್ಳೋಕೇ ಬಂದಿದೀನಿ."

ಆಸ್ಪತ್ರೆಯವರು ಹಳೆಯ ರಿಜಿಸ್ಟರು ತಂದು ಚೀಟಿಗೆ ಹೊಂದಿಸಿ ತೋರಿಸಿದರು. ಭಾಗ್ಯಳ ಸರದಿಗೆ ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಒಳಗೆ ಆದದ್ದನ್ನು ನಸೀಮಾ ಮೇಡಂ ಆಮೇಲೆ ಹೇಳಿದರು. ಸುಳ್ಳು ಅಂದರೆ ಏನಮ್ಮ ಎಂದು ಜಡ್ಜರು ಕೇಳಿದರಂತೆ. "ಆಗದ್ದನ್ನ ಆಗ್ಯಾದ ಅನ್ನೂದು," ಎಂದಳಂತೆ, ಅವ್ವನ ಮಾತಿನಲ್ಲಿ. ಹದಿನೈದು ದಿನ ಯಾಕೆ ಹೇಳಲಿಲ್ಲ ಎಂದದ್ದಕ್ಕೆ, "ಹೇಳಿದ್ರ ಅವ್ವನ್ನ ಕೋಣಿ ಬಿಡಸ್ತೀನಿ ಅಂದಿದ್ದ. ಆಮ್ಯಾಲೆ ಅಕ್ಕ ಕೇಳಿದ್ರು, ಹೇಳ್ದೆ," ಎಂದಳಂತೆ. ನಾನು ಕಲಿಸಿದ ಒಂದು ಪದವೂ ಅದರಲ್ಲಿರಲಿಲ್ಲ. ಜಡ್ಜರು ಅವಳ ಮಾತನ್ನು ನಂಬಿದರು. ಅವಳ ವಯಸ್ಸನ್ನೂ. ಅವನಿಗೆ ಶಿಕ್ಷೆಯಾಯಿತು.

ಅಂದಹಾಗೆ, ಮೊನ್ನೆ ಫಾರಂ ತಂದವಳು ಭಾಗ್ಯಳೇ. ಕಲ್ಯಾಣ ನಗರದ ಆಸ್ಪತ್ರೆಯೊಂದರಲ್ಲಿ ನರ್ಸು. ಪಕ್ಕದಲ್ಲಿ ಅವಳ ಮಗಳು, ಮೇಜಿಗೆ ಗದ್ದ ಮುಟ್ಟುವಷ್ಟೇ ಎತ್ತರ. "ನಿಮ್ಮ ಅಕ್ಷರಾನೇ ಬೇಕು ಅಕ್ಕ," ಎಂದಳು.

ಈ ಸಲ ಪೆನ್ನು ಕೆಳಗಿಟ್ಟು ಕೇಳಿದೆ. "ನೀನು ಹುಟ್ಟಿದ್ದು ಯಾವತ್ತು ಪುಟ್ಟಿ? ಜೂನ್ ಒಂದಾ?"

"ಅಲ್ಲಾ! ಆಗಸ್ಟ್ ಒಂಬತ್ತು!" ಮೇಜು ಗುದ್ದಿ ಹೇಳಿತು ಮಗು.

ಲೆಕ್ಕ ಹಾಕಿದೆ. ಶಾಲೆಗೆ ಸೇರುವ ವಯಸ್ಸಿಗೆ ಎರಡು ತಿಂಗಳು ಕಡಿಮೆ. ನಾನು ಮುಖವೆತ್ತುವ ಮೊದಲೇ ಭಾಗ್ಯ ನಕ್ಕಳು. "ಇದ್ದದ್ದೇ ಬರೀರಿ ಅಕ್ಕ. ಸೀಟು ಸಿಗ್ಲಿಲ್ಲ ಅಂದ್ರೆ ಬರೋ ವರ್ಷ. ಅಲ್ಲೀತನಕ ನಿಮ್ಮ ಹೊಸ್ತಿಲು ಇದೆಯಲ್ಲ."

ಆಗಸ್ಟ್ ಒಂಬತ್ತು ಎಂದು ಬರೆದೆ. ವಯಸ್ಸಾಯಿತಲ್ಲ, ಅಕ್ಷರ ಅಷ್ಟೇನೂ ದುಂಡಗೆ ಬರಲಿಲ್ಲ. ಮಗು ಆಗಲೇ ಹೊಸ್ತಿಲ ಬಳಿ ಹೋಗಿ ಕೂತು, "ಅಜ್ಜೀ, ಪೆನ್ಸಿಲ್ ಕೊಡಿ," ಎನ್ನುತ್ತಿತ್ತು.