ಚೆಂಬಿನ ಮೇಲಿನ ಹೆಸರು

ಮೊನ್ನೆ ಅಟ್ಟದಿಂದ ಇಳಿಸಿದ ಹಿತ್ತಾಳೆಯ ಚೆಂಬೊಂದನ್ನು ಹುಣಸೆಹುಳಿ ಹಾಕಿ ತಿಕ್ಕುತ್ತಾ ಕುಳಿತಿದ್ದೆ. ಯಾರೂ ಹೇಳದ ಕೆಲಸವನ್ನು ಮೈಮೇಲೆ ಎಳೆದುಕೊಂಡು, ಆಮೇಲೆ ಸೊಂಟ ನೋವೆಂದು ಗೊಣಗುವುದು ನನ್ನ ಹಳೆಯ ಅಭ್ಯಾಸ. ಮೊಮ್ಮಗಳು ಮರುವಾರ ಕಾಲೇಜಿಗೆ ಹೊರಡುವವಳು. ಅವಳ ಚೀಲ, ಬಕೆಟು, ದಿಂಬುಗಳೆಲ್ಲ ಚಾವಡಿಯ ತುಂಬ ಹರಡಿದ್ದವು. ಅವಳು ನಡುವೆ ಬೋರಲು ಮಲಗಿ ಹಾಸ್ಟೆಲಿನ ಫಾರ್ಮು ತುಂಬಿಸುತ್ತಿದ್ದಳು. ಚೆಂಬಿನ ಹೊಟ್ಟೆಯ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರ ಹೊಳೆಯತೊಡಗಿದಾಗ ತಲೆಯೆತ್ತಿ ಓದಿದಳು.

"ಸಂಕಪ್ಪ. ಯಾರಜ್ಜಿ ಇದು? ನಿಮ್ಮ ಅಪ್ಪನಾ?"

ಹೌದು ಎನ್ನಲು ಬಾಯಿ ತೆರೆದೆ. ಈ ಪ್ರಶ್ನೆಯನ್ನು ಎಷ್ಟೋ ಮಂದಿ ಕೇಳಿದ್ದಾರೆ, ಎಲ್ಲರಿಗೂ ಹೌದೆಂದೇ ಹೇಳಿ ಮುಗಿಸಿದ್ದೇನೆ. ವಿವರಿಸಲು ಹೊರಟರೆ ಅನ್ನ ಆರಿಹೋಗುವಷ್ಟು ದೊಡ್ಡ ಕತೆ. ಮಕ್ಕಳಿಗೆ ನಲವತ್ತು ವರ್ಷ ಸುಳ್ಳು ಹೇಳಬೇಡಿ ಎಂದು ಪಾಠ ಮಾಡಿದ ಟೀಚರಮ್ಮ ನಾನು, ನೋಡಿ. ಆದರೆ ಮೊನ್ನೆ ಹೌದೆನ್ನದೆ ಚೆಂಬು ಕೆಳಗಿಟ್ಟೆ. ಅವಳ ಮುಂದಿದ್ದ ಫಾರ್ಮಿನಲ್ಲಿ ತಂದೆಯ ಹೆಸರಿಗೊಂದು ಗೆರೆ, ಪೋಷಕರ ಹೆಸರಿಗೊಂದು ಗೆರೆ ಕಾಣುತ್ತಿದ್ದವು. ಆ ಎರಡು ಗೆರೆಗಳ ನಡುವಿನಲ್ಲಿ ನನ್ನ ಕಾಲೇಜು ಒಮ್ಮೆ ಬಿದ್ದೇಹೋಗುವುದರಲ್ಲಿತ್ತು. ನೀವೂ ಸ್ವಲ್ಪ ಕುಳಿತುಕೊಳ್ಳಿ, ಹೇಳುತ್ತೇನೆ.

ನಮ್ಮದು ಸೀತಾಂಗೋಳಿಯ ಹತ್ತಿರದ ಮನೆ, ಮನೆಮಾತು ತುಳು, ಮನೆಯ ಕಟ್ಟು ಅಳಿಯಕಟ್ಟು. ಎಂದರೆ ಮಕ್ಕಳು ತಾಯಿಯ ಮನೆಗೆ ಸೇರಿದವರು, ಮನೆಯ ಯಜಮಾನ ತಾಯಿಯ ಅಣ್ಣ. ಸಂಕಪ್ಪ ನನ್ನ ಸೋದರಮಾವ. ಅಪ್ಪ ದೂಮಣ್ಣನವರು ದೇಲಂಪಾಡಿಯ ಕಡೆ, ಕಾಡಿನ ಅಂಚಿನಲ್ಲಿದ್ದ ತಮ್ಮ ಅಕ್ಕನ ಮನೆಯಲ್ಲಿದ್ದುಕೊಂಡು ಅಲ್ಲಿಯ ಬೇಸಾಯ ನೋಡುತ್ತಿದ್ದರು. ತಿಂಗಳಿಗೊಮ್ಮೆ ಬಂದು ನಾಲ್ಕು ದಿನ ಇದ್ದು ಹೋಗುವ, ಮಾತು ಕಡಿಮೆಯ, ಕಿವಿಯಲ್ಲಿ ಚಿನ್ನದ ಒಂಟಿ ಹಾಕಿದ ನೆಂಟ ಎನ್ನುವಷ್ಟೇ ನನಗೆ ಅವರು. ಮಾವನಾದರೋ ನನಗೆ ಜ್ವರ ಬಂದರೆ ಔಷಧಿ ತರುವವರು, ಬಾಲ ಬಿಚ್ಚಿದರೆ ಬೆತ್ತ ಹುಡುಕುವವರು. ಬೆತ್ತ ಮಾತ್ರ ಯಾವತ್ತೂ ಸಿಗುತ್ತಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಹೆಣ್ಣುಮಗಳನ್ನು ಮುಂದೆ ಓದಿಸುವುದೆಂತಕ್ಕೆ ಎಂದು ಊರು ಕೇಳುವ ಮೊದಲೇ ಮಾವ ಮಂಗಳೂರಿನ ಕಾಲೇಜಿಗೆ ಅರ್ಜಿ ತರಿಸಿದ್ದರು. ವಿಶ್ವವಿದ್ಯಾನಿಲಯ ಮದ್ರಾಸಿನಲ್ಲಿ, ಅದರ ಕಾಲೇಜು ಮಂಗಳೂರಿನಲ್ಲಿ ಎನ್ನುವುದು ಅವರಿಗೆ ಕೊನೆಯವರೆಗೂ ಒಗಟು. ಅಷ್ಟು ದೂರದವರು ನಮ್ಮ ಹುಡುಗಿಯನ್ನು ಒಪ್ಪಿದ್ದಾರಲ್ಲ ಎಂದು ಮಾತ್ರ ಸಿಕ್ಕಿದವರಿಗೆಲ್ಲ ಹೇಳಿದರು. ಸೀಟು ಸಿಕ್ಕಿದೆ, ಫಾರ್ಮು ತುಂಬಿಸಿ ಎಸ್ಸೆಸ್ಸೆಲ್ಸಿ ಪುಸ್ತಕದ ಜೊತೆ ಕಳಿಸಿ ಎಂಬ ಕಾಗದ ಬಂದ ದಿನದಿಂದ ಮನೆಯಲ್ಲಿ ಮದುವೆಯ ಗಡಿಬಿಡಿ.

ಹಾಸ್ಟೆಲಿನಿಂದ ಬಂದ ಪಟ್ಟಿಯನ್ನು ನಾನು ಓದಿ ಹೇಳಬೇಕು, ಮಾವ ತಲೆಯಾಡಿಸಬೇಕು. ಬೀಗವಿರುವ ಟ್ರಂಕು ಒಂದು. ಸೊಳ್ಳೆಪರದೆ ಒಂದು. ಬಟ್ಟೆಗೆ ಆಗ ರೇಶನ್. ಅಮ್ಮ ತನ್ನ ಎರಡು ಸೀರೆ ಕತ್ತರಿಸಿ ನನಗೆ ಲಂಗ, ರವಕೆ ಹೊಲಿಸಿದಳು. "ಹೆಸರು ಕೊರೆದ ನೀರಿನ ಪಾತ್ರೆ ಒಂದು" ಎಂದು ಓದಿದಾಗ ಮಾವ ಅದನ್ನು ತಾವೇ ನೋಡಿಕೊಳ್ಳುತ್ತೇನೆಂದು ಚೆಂಬು ಹಿಡಿದು ಕುಂಬಳೆಗೆ ಹೋದರು. ಸಂಜೆ ತಂದು ತೋರಿಸಿದರು: ಸಂಕಪ್ಪ. ನನಗೆ ಅಳು ಬರುವುದೊಂದು ಬಾಕಿ. ಓದುವವಳು ನಾನಲ್ಲವೇ ಎಂದರೆ, ಪಾತ್ರೆಗೆ ಮನೆಯ ಯಜಮಾನನ ಹೆಸರಲ್ಲದೆ ಮತ್ತೆ ಯಾರದು ಕೊರೆಯುವುದು ಎಂದು ಅವರೇ ಆಶ್ಚರ್ಯಪಟ್ಟರು.

ಹೀಗೆ ಮುನಿಸಿಕೊಂಡ ನಾನೇ ಫಾರ್ಮಿನಲ್ಲಿ ಅದೇ ತಪ್ಪು ಮಾಡಿದೆ. ಫಾರ್ಮು ಇಂಗ್ಲಿಷಿನದು, ಮನೆಯಲ್ಲಿ ಇಂಗ್ಲಿಷು ಬಲ್ಲವಳು ನಾನೊಬ್ಬಳೇ, ಜಂಬಕ್ಕೆ ಕಡಿಮೆಯಿರಲಿಲ್ಲ. ತಂದೆಯ ಹೆಸರು ಎಂಬ ಗೆರೆ ಬಂದಾಗ ಯಾರದು ಬರೆಯುವುದೆಂದು ಕೇಳಿದೆ. ಮಾವ ಎಲೆಗೆ ಸುಣ್ಣ ಹಚ್ಚುತ್ತಾ "ನನ್ನದು ಬರಿ" ಎಂದರು. ಬರೆದೆ. ಜಮೀನಿನ ತೀರ್ವೆಯ ರಶೀದಿಯಿಂದ ರೇಶನ್ ಕಾರ್ಡಿನವರೆಗೆ ಎಲ್ಲದರಲ್ಲೂ ಇದ್ದ ಹೆಸರು ಅದೇ ಅಲ್ಲವೇ? ಕೆಳಗೆ ಅವರು ಕನ್ನಡದಲ್ಲಿ ದೊಡ್ಡದಾಗಿ ರುಜು ಹಾಕಿದರು. ಅಮ್ಮ ಒಳಗೆ ದೋಸೆ ಹೊಯ್ಯುತ್ತಿದ್ದಳು. ನಮ್ಮ ಮೂವರಲ್ಲಿ ಒಬ್ಬರಿಗೂ ಏನೂ ತಪ್ಪಾಗಿ ಕಾಣಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಒಂದು ಗುರುವಾರ ಫಾರ್ಮು ಹಿಂದೆ ಬಂತು, ಮಾವನ ಹೆಸರಿನ ಮೇಲೆ ಕೆಂಪು ಗೆರೆ, ಜೊತೆಗೆ ಹೊಸದೊಂದು ಫಾರ್ಮು, ಒಂದು ಕಾಗದ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ತಂದೆಯ ಹೆಸರು ದೂಮಣ್ಣ ಎಂದಿದೆ, ತಂದೆ ಬದುಕಿದ್ದರೆ ಹೊಸ ಫಾರ್ಮಿಗೆ ಅವರದೇ ರುಜು ಹಾಕಿಸಿ ಸೋಮವಾರ ಹತ್ತು ಗಂಟೆಗೆ ಹಾಜರಾಗಬೇಕು, ಇಲ್ಲದಿದ್ದರೆ ಸೀಟು ಕಾದಿರುವ ಮತ್ತೊಬ್ಬಳಿಗೆ. ಆ ಪುಸ್ತಕದಲ್ಲಿ ಅಪ್ಪನ ಹೆಸರು ಯಾವಾಗ ಹೊಕ್ಕಿತೆಂದು ನನಗೆ ಗೊತ್ತಿರಲಿಲ್ಲ. ಮಾರ್ಕಿನ ಪುಟವಲ್ಲದೆ ಬೇರೆ ಪುಟ ತೆರೆದವಳಲ್ಲ ನಾನು.

ಓದಿ ಹೇಳಿದಾಗ ಮಾವ ಆ ಕೆಂಪು ಗೆರೆಯನ್ನು ಉಗುರಿನಿಂದ ಒಮ್ಮೆ ಕೆರೆದು ನೋಡಿದರು. ಅವರು ಅಷ್ಟು ಸಣ್ಣಗಾದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ರುಜು ಹಾಕಿಸುವುದೇನು ದೊಡ್ಡ ಸಂಗತಿ ಎನ್ನುತ್ತೀರಿ. ಸಂಗತಿ ದೊಡ್ಡದೇ ಇತ್ತು. ಐದು ವರ್ಷಗಳಿಂದ ಅಪ್ಪ ನಮ್ಮ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ಅಜ್ಜಿ ತೀರಿಕೊಂಡು ಅವರ ಬೊಜ್ಜದ, ಎಂದರೆ ಉತ್ತರಕ್ರಿಯೆಯ ದಿನ, ನೂರು ಮಂದಿಯ ಗದ್ದಲದಲ್ಲಿ, ಮನೆಯ ಅಳಿಯನಿಗೆ ಮೊದಲು ಕೊಡಬೇಕಾದ ವೀಳ್ಯವನ್ನು ಮಾವ ಮರೆತರು. ಊರಿನವರಿಗೆಲ್ಲ ಹರಿವಾಣ ಹೋಯಿತು, ಅಪ್ಪನಿಗೆ ಹೋಗಲಿಲ್ಲ. ಅಪ್ಪ ಜಗಳ ಮಾಡಲಿಲ್ಲ. ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡು ಊಟ ಮಾಡದೆ ನಡೆದುಬಿಟ್ಟರು. ಬೇಕೆಂದು ಮಾಡಿದ್ದಲ್ಲವಲ್ಲ, ನಾನೇಕೆ ಹೋಗಿ ಕಾಲು ಹಿಡಿಯಲಿ ಎಂದು ಮಾವ. ಮರೆಯುವಷ್ಟು ಸಣ್ಣವನಾದೆನಲ್ಲ ಎಂದು ಅಪ್ಪ. ನಡುವೆ ಅಮ್ಮ ವರ್ಷಕ್ಕೆರಡು ಸಲ ದೇಲಂಪಾಡಿಗೆ ಹೋಗುತ್ತಿದ್ದಳು, ಬಂದ ಮೇಲೆ ಎರಡು ದಿನ ಮಾತಾಡುತ್ತಿರಲಿಲ್ಲ. ಈಗ ಸೋಮವಾರದ ಒಳಗೆ ಆ ಅಪ್ಪನ ರುಜು ಬೇಕು.

ನಾನು ಕಾಲೇಜೇ ಬೇಡವೆಂದು ಅತ್ತೆ. ಕಾಲೇಜು ಬೇಕೆಂದೇ ಅತ್ತದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಮಾವ ರಾತ್ರಿಯ ಊಟಕ್ಕೆ ಕುಳಿತವರು ಅರ್ಧದಲ್ಲಿ ನಿಲ್ಲಿಸಿ, "ನಾಳೆ ನಾನು ದೇಲಂಪಾಡಿಗೆ ಹೋಗಿ ಬರ್ತೇನೆ" ಎಂದರು. ಅಮ್ಮ ಬಡಿಸುತ್ತಿದ್ದ ಕೈ ನಿಲ್ಲಿಸದೆ, "ಇವಳನ್ನೂ ಕರ್ಕೊಂಡು ಹೋಗಿ ಅಣ್ಣ. ಇವಳ ಮುಖ ನೋಡಿದ್ರೆ ಅವರಿಗೆ ಇಲ್ಲ ಹೇಳ್ಲಿಕ್ಕೆ ಆಗುದಿಲ್ಲ" ಎಂದಳು.

ಬದಿಯಡ್ಕದವರೆಗೆ ನಡೆದೆವು. ಅಲ್ಲಿಂದ ಇದ್ದಲಿನ ಹೊಗೆಯಲ್ಲಿ ಓಡುವ ಬಸ್ಸು. ಏರು ಬಂದಲ್ಲೆಲ್ಲ ಇಳಿದು ನಡೆಯುವುದು ಪ್ರಯಾಣಿಕರ ಧರ್ಮ. ಮುಳ್ಳೇರಿಯದಿಂದ ಮುಂದೆ ಮತ್ತೆ ಕಾಲ್ನಡಿಗೆ, ಒಂದು ಕಡೆ ದೋಣಿ. ಹೊಸನೀರು ಕೆಂಪಗೆ ಏರಿತ್ತು. ಮಾವ ಫಾರ್ಮನ್ನು ಬಾಳೆಯೆಲೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿದ್ದರು. ತಮ್ಮ ಶಾಲಿನ ತುದಿಯಲ್ಲಿ ಬೇರೇನೋ ಕಟ್ಟಿಕೊಂಡಿದ್ದರು. ದಾರಿಯ ಬುತ್ತಿ ಎಂದುಕೊಂಡು ನಾನು ಹಸಿವಿನಲ್ಲಿ ಅದನ್ನೇ ನೋಡುತ್ತಾ ನಡೆದೆ.

ಅಪ್ಪ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದರು. ನಮ್ಮನ್ನು ಕಂಡು ಎದ್ದರು, ಚಾಪೆ ಹಾಸಿದರು, ಅಪ್ಪನ ಅಕ್ಕ, ನನ್ನ ಅತ್ತೆ, ಬೆಲ್ಲ ನೀರು ತಂದಿಟ್ಟರು. ಮರ್ಯಾದೆಯಲ್ಲಿ ಕೊರತೆಯಿಲ್ಲ, ಮಾತು ಮಾತ್ರ ಇಲ್ಲ. ಮಾವ ನೀರು ಮುಟ್ಟಲಿಲ್ಲ. ಅತ್ತೆಯಿಂದ ಒಂದು ಹರಿವಾಣ ಕೇಳಿ ಪಡೆದರು. ಶಾಲಿನ ಗಂಟು ಬಿಚ್ಚಿದರು. ಬುತ್ತಿಯಲ್ಲ, ಐದು ವೀಳ್ಯದೆಲೆ, ಒಂದು ಅಡಿಕೆ. ಹರಿವಾಣದಲ್ಲಿ ಇಟ್ಟು, ಎರಡೂ ಕೈಯಲ್ಲಿ ಹಿಡಿದು ಅಪ್ಪನ ಮುಂದೆ ನಿಂತರು.

"ಅಮ್ಮನ ಬೊಜ್ಜದ ದಿನ ನಿಮ್ಗೆ ಕೊಡ್ಲಿಕ್ಕೆ ಇದ್ದದ್ದು ಭಾವ. ಐದು ವರ್ಷ ತಡ ಆಯ್ತು."

ಅಪ್ಪ ಎಲೆಯನ್ನೇ ನೋಡುತ್ತಾ ನಿಂತರು. ಈಗ ಬೇಡವೆಂದರೆ ನನ್ನ ಕಾಲೇಜು ಹೋಯಿತು, ಅಮ್ಮನಿಗೆ ಇನ್ನೂ ಎಷ್ಟು ವರ್ಷವೋ ಎಂದು ನಾನು ಬಾಳೆಯೆಲೆಯ ಕಟ್ಟನ್ನು ಎದೆಗೊತ್ತಿಕೊಂಡೆ. ಅಪ್ಪ ಹರಿವಾಣ ತೆಗೆದುಕೊಂಡರು. ಒಂದು ಎಲೆಯನ್ನು ತೊಡೆಗೆ ಒರೆಸಿದರು.

"ಸುಣ್ಣ ತಂದಿದ್ದೀರಾ?"

ಮಾವ ಶಾಲು ಕೊಡವಿದರು, ಸೊಂಟ ತಡವಿದರು. ತಂದಿರಲಿಲ್ಲ.

"ನಿಮ್ಮದು ಯಾವಾಗ್ಲೂ ಒಂದು ಮರೆವು ಉಂಟಲ್ಲ ಭಾವ," ಎಂದರು ಅಪ್ಪ. ಆಮೇಲೆ ಇಬ್ಬರೂ ನಕ್ಕ ನಗುವಿಗೆ ಒಳಗಿದ್ದ ಅತ್ತೆ ಹೆದರಿ ಹೊರಗೆ ಬಂದರು.

ಊಟ ಮಾಡದೆ ಫಾರ್ಮು ತೆಗೆಯಲು ಅತ್ತೆ ಬಿಡಲಿಲ್ಲ. ಊಟದ ನಂತರ ನಾನು, ಶಾಲೆಯ ಪುಸ್ತಕದಲ್ಲಿ ನಿಮ್ಮ ಹೆಸರು ಹೇಗೆ ಬಂತು ಎಂದು ಅಪ್ಪನನ್ನೇ ಕೇಳಿದೆ. ನನ್ನನ್ನು ಶಾಲೆಗೆ ಸೇರಿಸುವ ದಿನ ಮಾವನಿಗೆ ಕೋರ್ಟಿತ್ತಂತೆ, ಕಾಸರಗೋಡಿಗೆ ಹೋಗಿದ್ದರಂತೆ. ಒಂದನೇ ಕ್ಲಾಸಿಗೆ ಸೇರಿಸಲು ನನ್ನನ್ನು ಕರೆದೊಯ್ದದ್ದು ಅಪ್ಪ. ತೋಡಿನ ಮೇಲಿನ ಮರದ ಸಂಕ ದಾಟಲು ಹೆದರಿ ನಾನು ರಚ್ಚೆ ಹಿಡಿದೆ, ಹೆಗಲ ಮೇಲೆ ಕೂರಿಸಿಕೊಂಡು ದಾಟಿಸಿದರು.

"ಮಾಸ್ಟ್ರು ಯಾರ ಮಗು ಅಂತ ಕೇಳಿದ್ರು. ನನ್ನದು ಅಂದೆ. ಮತ್ತೆಂತ ಹೇಳುದು?"

ಹೆಗಲ ಸವಾರಿ ನನಗೆ ನೆನಪಿತ್ತು. ಕೆಳಗೆ ನೀರು, ಬಿದ್ದೇನೆಂದು ಗಟ್ಟಿಯಾಗಿ ಹಿಡಿದ ಕಿವಿ, ಬೆರಳಿಗೆ ಒತ್ತಿದ ಚಿನ್ನದ ಒಂಟಿ. ಅದು ಮಾವ ಎಂದೇ ಹತ್ತು ವರ್ಷ ನಂಬಿದ್ದೆ. ಮಾವ ಕಿವಿ ಚುಚ್ಚಿಸಿಕೊಂಡವರೇ ಅಲ್ಲ ಎನ್ನುವುದು ದಿನಾ ಕಣ್ಣೆದುರಿದ್ದರೂ ನನಗೆ ಹೊಳೆದಿರಲಿಲ್ಲ. ಇಂಥ ಬುದ್ಧಿವಂತೆ ಕಾಲೇಜಿಗೆ ಹೊರಟಿದ್ದಳು.

ಅಪ್ಪ ಒಂದೊಂದೇ ಅಕ್ಷರವನ್ನು ನೇಗಿಲು ಹೂಡಿದ ಹಾಗೆ ಒತ್ತಿ ರುಜು ಹಾಕಿದರು. ಕೆಳಗಿನ ಖಾಲಿ ಗೆರೆಯ ಮೇಲೆ ಬೆರಳಿಟ್ಟು ಇದೆಂತ ಎಂದು ಕೇಳಿದರು. ಪೋಷಕರ ಹೆಸರು, ತಂದೆ ಇಲ್ಲದವರಿಗೆ ಮಾತ್ರ, ನಮಗೆ ಬೇಡ ಎಂದೆ.

"ಬೇಡ ಹೇಗಾಗ್ತದೆ? ಭಾವನ ಹೆಸರು ಬರಿ," ಎಂದರು.

ಮಾವ ಅಂಗಳದ ಕಡೆ ತಿರುಗಿ ನಿಂತರು. ಮಳೆ ಬರ್ತದೋ ಎಂತದೋ ಎಂದು ಆಕಾಶ ನೋಡಿದರು. ನಾನು ಬರೆದೆ.

ಸೋಮವಾರ ಕಾಲೇಜಿನ ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ಎರಡನ್ನೂ ಓದಿದರು. ತಂದೆಯಿರುವಾಗ ಇನ್ನೊಂದು ಹೆಸರೇಕೆ ಎಂದು ಗೊಣಗಿದರು. ಆದರೂ ಮೊಹರು ಒತ್ತಿದರು. ಆ ಶಬ್ದ ನನಗೆ ಇವತ್ತಿಗೂ ಕೇಳುತ್ತದೆ.

ಹಾಸ್ಟೆಲಿನಲ್ಲಿ ತಿಂಗಳ ಮೊದಲ ಭಾನುವಾರ ಮನೆಯವರು ಬಂದು ನೋಡುವ ದಿನ. ಮೊದಲ ಸಲವೇ ಅಪ್ಪ, ಮಾವ ಇಬ್ಬರೂ ಕುಂಬಳೆಯಿಂದ ರೈಲು ಹತ್ತಿ ಒಟ್ಟಿಗೆ ಬಂದಿದ್ದರು, ಇಬ್ಬರ ಕೈಯಲ್ಲೂ ಒಂದೊಂದು ಹಲಸಿನ ಹಣ್ಣು. ಹುಡುಗಿಯ ತಂದೆಯನ್ನು ಮಾತ್ರ ಒಳಗೆ ಬಿಡುವ ನಿಯಮ. ವಾರ್ಡನ್ ಬಾಗಿಲಲ್ಲಿ ನಿಂತು ಕೇಳಿದರು, ನಿಮ್ಮಿಬ್ಬರಲ್ಲಿ ಇವಳ ತಂದೆ ಯಾರು?

ಅಪ್ಪ ಮಾವನನ್ನು ತೋರಿಸಿದರು. ಮಾವ ಅಪ್ಪನನ್ನು ತೋರಿಸಿದರು.

ವಾರ್ಡನ್ ನನ್ನ ಮುಖ ನೋಡಿದರು. ನಾನು ನಗುತ್ತಲೇ ಕಣ್ಣೊರೆಸಿಕೊಂಡೆ. ಅವರಿಗೆ ಏನು ಅರ್ಥವಾಯಿತೋ, ಹಲಸಿನ ಹಣ್ಣಿನ ಸಮೇತ ಇಬ್ಬರನ್ನೂ ಒಳಗೆ ಬಿಟ್ಟರು.

ಇಬ್ಬರೂ ಹೋಗಿ ಬಹಳ ಕಾಲವಾಯಿತು. ನಾನು ಓದಿದ್ದು, ಸಂಬಳ ತಂದದ್ದು, ಸಾವಿರ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟದ್ದು ಎಲ್ಲದರ ಹಿಂದೆ ಐದು ವೀಳ್ಯದೆಲೆ ಉಂಟು, ಅದನ್ನು ಕೊಡಲು ಬಗ್ಗಿದ ಒಬ್ಬ ಯಜಮಾನ, ತೆಗೆದುಕೊಳ್ಳಲು ಬಗ್ಗಿದ ಇನ್ನೊಬ್ಬ. ಇದನ್ನು ಅವರು ಬದುಕಿದ್ದಾಗ ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ನಮ್ಮ ಮನೆಗಳಲ್ಲಿ ಹಾಗೆ ಹೇಳುವ ಕ್ರಮ ಇರಲಿಲ್ಲ.

ಕತೆ ಮುಗಿಯುವಾಗ ಮೊಮ್ಮಗಳು ಎದ್ದು ಕುಳಿತಿದ್ದಳು. "ಹಾಗಾದ್ರೆ ಈ ಚೆಂಬಿನ ಹೆಸರು ನಿಮ್ಮ ಅಪ್ಪಂದು ಅಲ್ಲ," ಎಂದಳು.

"ಅಲ್ಲ. ನನ್ನ ಮಾವಂದು. ಅಪ್ಪನ ಹೆಸರು ದೂಮಣ್ಣ," ಎಂದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ.

ಅವಳು ಫಾರ್ಮು ಎಳೆದುಕೊಂಡಳು. ತಂದೆಯ ಹೆಸರು ಬರೆದಾಗಿತ್ತು. ಪೋಷಕರು ಎಂಬ ಗೆರೆಯ ಮೇಲೆ, ನನ್ನನ್ನು ಒಂದು ಮಾತೂ ಕೇಳದೆ, ನನ್ನ ಹೆಸರು ಬರೆದು ರುಜು ಹಾಕಲು ಪೆನ್ನು ಚಾಚಿದಳು. ಹುಣಸೆಹುಳಿಯ ಕೈಯನ್ನು ಸೆರಗಿಗೆ ಒರೆಸಿಕೊಂಡೆ.