ಭಾಗಮಂಡಲದ ತಿರುವಿನಲ್ಲಿ ಬೀಳದ ಗೇರ್

ಸ್ನೇಹಿತರೇ, ಇಂದು ನಾನೊಂದು ಮಾನಹಾನಿ ಎಸಗಿದ್ದೇನೆ. ನಿರಪರಾಧಿಯಾದ ನನ್ನ ಟೂರಿಂಗ್ ಬೈಕನ್ನು ಮೆಕ್ಯಾನಿಕ್ ಎದುರೇ "ಡಬ್ಬಾ, ಮಾರಿಬಿಡ್ತೀನಿ" ಎಂದು ಬೈದೆ. ಕ್ಲಚ್ ಹಿಡಿಯದೆ ಗೇರ್ ಬದಲಿಸುವ ಅದರ ಎಲೆಕ್ಟ್ರಾನಿಕ್ ವ್ಯವಸ್ಥೆ ಭಾಗಮಂಡಲದ ತಿರುವುಗಳಲ್ಲಿ ಮಾತ್ರ ಕೈಕೊಡುತ್ತದೆ.

"ನಾನು ಓಡಿಸಿದ್ರೆ ಸರಿಯಿದೆಯಲ್ಲ ಸಾರ್?" ಎಂದ ಮೆಕ್ಯಾನಿಕ್.

"ಈ ತಿರುವುಗಳಲ್ಲೇ ಬೆಳೆದವನು ಕಣಯ್ಯಾ ನಾನು" ಎಂದು ಹೆಂಡತಿಯನ್ನು ಕೂರಿಸಿಕೊಂಡು ಹೊರಟೆ.

ಮೊದಲ ತಿರುವಲ್ಲೇ ಅವಳು ಹಿಂದಿನಿಂದ ಕೇಳಿದಳು: "ರೀ, ಕ್ಲಚ್ ಮೇಲೆ ಎರಡು ಬೆರಳು ಯಾಕೆ? ಅದನ್ನ ಮುಟ್ಟಿದ್ರೆ ಎಲೆಕ್ಟ್ರಾನಿಕ್ಸ್ ಸುಮ್ಮನಾಗುತ್ತೆ ಅಂತ ನೀವೇ ಅಲ್ವಾ ಹೇಳಿದ್ದು?"

ಕೈಕೊಟ್ಟಿದ್ದು ನನ್ನ ಕೈಯೇ. ಇದೇ ರಸ್ತೆಯಲ್ಲಿ, ಹಳೇ ಬೈಕಿನಲ್ಲಿ ಅಪ್ಪ ಕಲಿಸಿದ್ದು: "ತಿರುವಲ್ಲಿ ಎರಡು ಬೆರಳು ಕ್ಲಚ್ ಮೇಲಿರಲಿ ಮಗಾ." ಅಪ್ಪ ಈಗಿಲ್ಲ. ಅದು ಬೆರಳುಗಳಿಗಿನ್ನೂ ಗೊತ್ತಾಗಿಲ್ಲ.

ವಾಪಸ್ಸು ಅವಳೇ ಓಡಿಸಿದಳು. ಗೇರ್ ಒಮ್ಮೆಯೂ ತಪ್ಪಲಿಲ್ಲ. ಹಿಂದೆ ಕೂತ ನಾನು ಕಣ್ಣು ಮುಚ್ಚಿಕೊಂಡು, ತಿರುವು ತಿರುವಿಗೂ ಗಾಳಿಯಲ್ಲೇ ಕ್ಲಚ್ ಹಿಡಿಯುತ್ತಿದ್ದೆ.