ಹದ್ದು ಸರಿದ ಸಂಜೆ

ನಮ್ಮ ಹೊಲದ ಅಂಚಿನ ಕೆರೆಗೆ ಇಷ್ಟೊಂದು ಹಕ್ಕಿ ಬರುವುದಕ್ಕೆ ನಮ್ಮ ಹಿರಿಯರ ದುರಾಸೆಯೇ ಕಾರಣ ಎಂದು ನಾನು ಹೇಳಿದರೆ ಮನೆಯವರಿಗೆ ಸಿಟ್ಟು ಬರುತ್ತದೆ. ಬರಲಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಕಬ್ಬಿಗೆ ನೀರು ಬಿಟ್ಟೇ ಬಿಟ್ಟರು, ಬಿಟ್ಟೇ ಬಿಟ್ಟರು. ಕಡೆಗೆ ಕೆರೆಯ ದಂಡೆಯ ನೆಲವೆಲ್ಲ ಜವಳು ಹಿಡಿಯಿತು. ಕಾಲಿಟ್ಟರೆ ಪಿಚಕ್ ಎನ್ನುವ ಆ ಉಪ್ಪು ನೆಲದಲ್ಲಿ ಕಬ್ಬು ಹೋಗಲಿ, ಕಸ ಕೂಡ ನೆಟ್ಟಗೆ ಬೆಳೆಯುವುದಿಲ್ಲ. ನೀರಿನ ಬದಿಗೆ ಆಪು ಹುಲ್ಲು ಆಳೆತ್ತರ ಎದ್ದಿತು, ಹುಳಹುಪ್ಪಡಿ ಬಂದವು, ಅವುಗಳ ಹಿಂದೆಯೇ ಹಕ್ಕಿ ಬಂದವು. ಈಗ ಅರಣ್ಯ ಇಲಾಖೆಯವರು ದಾರಿಯ ಬದಿಗೆ ಬೋರ್ಡು ನೆಟ್ಟಿದ್ದಾರೆ: ಇದು ಹಕ್ಕಿಗಳಿಗಾಗಿ ಕಾಯ್ದಿಟ್ಟ ಜಾಗ, ಬಲೆ ಹಾಕಬಾರದು, ಕಲ್ಲು ಎಸೆಯಬಾರದು. ಶೇಡಬಾಳದಿಂದ ಬರುವ ಬಸ್ಸಿನಲ್ಲಿ ನಾವು ಈಗ ಹಕ್ಕಿ ಬೋರ್ಡಿಗೆ ಟಿಕೇಟು ಕೇಳುತ್ತೇವೆ.

ನಮ್ಮದು ಜೈನರ ಮನೆ, ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಮುಳುಗಿದ ಮೇಲೆ ತುತ್ತು ಬಾಯಿಗೆ ಹೋಗುವಂತಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದರಿಂದ ಆದ ದೊಡ್ಡ ಲಾಭವೆಂದರೆ ಸಂಜೆಯ ಬೆಳಕು. ಊರಿನ ಬೇರೆ ಹೆಂಗಸರು ಒಲೆ ಹಚ್ಚುವ ಹೊತ್ತಿಗೆ ನಮ್ಮ ಪಾತ್ರೆ ತೊಳೆದು ಬೋರಲು ಹಾಕಿಯಾಗಿರುತ್ತಿತ್ತು. ಆಕಾಶ ಇನ್ನೂ ಕೆಂಪಗೇ ಇರುತ್ತಿತ್ತು. ಆಗ ನನ್ನ ಕೈ ಹಿಡಿದು ಕೆರೆಗೆ ಕರೆದುಕೊಂಡು ಹೋದವರು ನನ್ನ ನೆಗೆಣ್ಣಿ, ಅಂದರೆ ನಮ್ಮ ಮನೆಯವರ ಅಣ್ಣನ ಹೆಂಡತಿ. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತೇನೆ.

ನಾನು ಹಾರೂಗೇರಿಯ ಪೇಟೆಯಲ್ಲಿ ಬೆಳೆದವಳು. ಕಾಗೆ, ಗುಬ್ಬಿ, ಪಾರಿವಾಳ ಬಿಟ್ಟರೆ ಉಳಿದದ್ದೆಲ್ಲ ನನಗೆ ಬರೀ ಹಕ್ಕಿ. ಅಕ್ಕನಿಗೂ ಪುಸ್ತಕದ ಹೆಸರು ಗೊತ್ತಿರಲಿಲ್ಲ. ಆದರೆ ಒಂದೊಂದಕ್ಕೂ ಅವರೇ ಹೆಸರು ಇಡುತ್ತಿದ್ದರು. ಉದ್ದ ಕೆಂಪು ಕಾಲು ಎತ್ತೆತ್ತಿ ನೀರಿನಲ್ಲಿ ಇಡುವ ಹಕ್ಕಿ ‘ಸೀರಿ ಎತ್ತಿ ಹಿಡದಾಕಿ’. ನೀಲಿ ಮೈಯ, ಹಣೆಗೆ ಕೆಂಪು ಬಳಿದುಕೊಂಡು ಆಪಿನ ನಡುವೆ ಗತ್ತಿನಿಂದ ಅಡ್ಡಾಡುವ ಕೋಳಿ ‘ಬೀಗತಿ’. ಯಾರು ಬಂದರೂ ಹೋದರೂ ಬಾಯಿ ಮಾಡುವ ಟಿಟವಿಗೆ ನನ್ನ ಹೆಸರನ್ನೇ ಇಟ್ಟಿದ್ದರು. ನನಗೆ ಸಿಟ್ಟು ಬರುತ್ತಿತ್ತು, ನಗೂ ಬರುತ್ತಿತ್ತು. ನಿಪ್ಪಾಣಿಯ ನನ್ನ ತಮ್ಮ ಒಂದು ದುರ್ಬೀನು ತಂದುಕೊಟ್ಟ ಮೇಲಂತೂ ನಮ್ಮ ಇಬ್ಬರ ನಡುವೆ ಅದಕ್ಕಾಗಿ ದಿನವೂ ಎಳೆದಾಟ.

ಆಮೇಲೆ ಮನೆಯಲ್ಲಿ ವಾಟ್ನಿ ಆಯಿತು. ಹೊಲ ಹಂಚಿಕೆಯಾಗುವುದು ಹೊಸದೇನಲ್ಲ, ನಗುನಗುತ್ತಲೇ ಆಯಿತು. ಕೆರೆಯ ಈಚೆಯದು ನಮಗೆ, ಆಚೆಯದು ಭಾವನಿಗೆ, ಎರಡೂ ಸೇರುವ ಮೂಲೆಯ ಜವಳಿನಲ್ಲಿ ಒಂದು ಕಲ್ಲು. ಭಾವ ಆಚೆ ದಂಡೆಗೆ ಮನೆ ಕಟ್ಟಿಸಿಕೊಂಡರು. ಮುಂದೆ ಒಂದು ಮಳೆಗಾಲ ಹೊಳೆಯ ನೀರು ಹೊಲಕ್ಕೆ ನುಗ್ಗಿ ಇಳಿದುಹೋದ ಮೇಲೆ ನೋಡಿದರೆ ಆ ಕಲ್ಲು ಅವರ ಕಡೆ ವಾಲಿತ್ತು. ನೀವು ಸರಿಸಿದಿರಿ ಎಂದರು ಭಾವ. ನಮ್ಮವರಿಗೂ ರೋಷ ಬಂತು. ಏನೂ ಬೆಳೆಯದ, ಎಮ್ಮೆ ಕೂಡ ಮೂಸಿ ನೋಡದ ಒಂದು ಪಟ್ಟಿ ಕೆಸರಿಗಾಗಿ ಅಣ್ಣತಮ್ಮ ಮಾತು ಬಿಟ್ಟರು. ಗಂಡಸರ ಮಾತು ನಿಂತರೆ ಹೆಂಗಸರ ಕಾಲೂ ಕಟ್ಟಿಹೋಗುತ್ತದೆ. ಬಸದಿಯಲ್ಲಿ, ಮದುವೆಯಲ್ಲಿ ಎದುರಾದರೆ ಅಕ್ಕ ಮುಖ ನೋಡಿ ನಗುತ್ತಿದ್ದರು, ಅಷ್ಟೇ.

ಆ ಜವಳು ಯಾರ ಪಾಲಿಗೆ ಹೋದರೂ ನನಗೆ ಚಿಂತೆ ಇರಲಿಲ್ಲ. ನನಗೆ ಬೇಕಾದದ್ದು ಒಂದೇ: ಅಕ್ಕ ಮತ್ತೆ ಬಂದು ನನ್ನ ಬದಿಗೆ ಕೂಡಬೇಕು. ಸಂಜೆ ಒಬ್ಬಳೇ ದಂಡೆಯ ಮೇಲೆ ನಿಂತು ದುರ್ಬೀನು ಕಣ್ಣಿಗೆ ಹಚ್ಚಿದರೆ ಹಕ್ಕಿ ಕಾಣುತ್ತಿದ್ದವು, ಆದರೆ ಕಂಡದ್ದನ್ನು ಹೇಳಲು ಯಾರಿದ್ದರು? ನಮ್ಮವರಿಗೆ ಹೇಳಿದರೆ ಹೂಂ ಅನ್ನುತ್ತಿದ್ದರು. ಆ ಹೂಂ ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

ಈಗ ಹೇಳುವುದು ಈಚಿನ ಒಂದು ವಸಂತದ ಮಾತು. ಶಿವರಾತ್ರಿ ಮುಗಿದಿತ್ತು, ಬೇವು ಚಿಗುರಿತ್ತು. ಚಳಿಗಾಲಕ್ಕೆಂದು ಬಂದಿದ್ದ ಹೆಬ್ಬಾತುಗಳು ಗುಂಪು ಗುಂಪಾಗಿ ಬಡಗಣಕ್ಕೆ ಎದ್ದು ಹೋಗಿದ್ದವು. ಮೀನು ಹಿಡಿಯುವ ದೊಡ್ಡ ಹದ್ದೊಂದು ವರ್ಷವೂ ಇದೇ ಹೊತ್ತಿಗೆ ನಮ್ಮ ಕೆರೆಯಲ್ಲಿ ಕೆಲವು ದಿನ ಉಳಿದು ಮುಂದೆ ಹೋಗುತ್ತದೆ. ಬಿಳಿ ಎದೆ, ಕಣ್ಣಿನ ಮೇಲೆ ಕಾಡಿಗೆ ತೀಡಿದಂಥ ಪಟ್ಟಿ. ಅದನ್ನು ಮೊದಲು ಕಂಡವರು ಅಕ್ಕ. ಅದರ ಮೇಲೆ ಅವರಿಗೆ ಬಹಳ ಜೀವ. ಆದರೆ ಅದು ಮೀನಿಗೆ ಎರಗುವಾಗ ಮಾತ್ರ ಮುಖ ಆಚೆ ಹೊರಳಿಸಿ ಪಾಪ ಅನ್ನುತ್ತಿದ್ದರು. ಮೀನಿನ ಮೇಲೂ ಅವರಿಗೆ ಅಷ್ಟೇ ಜೀವ.

ಆ ದಿನ ಬೆಳಿಗ್ಗೆ ಅದು ಭಾವನ ದಂಡೆಯ ಒಣ ಜಾಲಿ ಗಿಡದ ಮೇಲೆ ಕೂತಿತ್ತು. ಇಳಿಹೊತ್ತಿಗೆ ನಾನು ಮೇವು ತರಲು ಹೋದಾಗ ನಮ್ಮ ಕಡೆಯ ಮುರುಕು ಲೈಟಿನ ಕಂಬಕ್ಕೆ ಬಂದು ಕೂತಿತ್ತು. ಅಷ್ಟು ಹತ್ತಿರ ಅದನ್ನು ನಾನು ಎಂದೂ ಕಂಡಿರಲಿಲ್ಲ. ತಡೆಯಲಾಗಲಿಲ್ಲ. ಫೋನು ತೆಗೆದು ಅಕ್ಕನಿಗೆ ಮಾತು ರೆಕಾರ್ಡು ಮಾಡಿ ಕಳಿಸಿಯೇಬಿಟ್ಟೆ.

“ಅಕ್ಕಾ, ನಾನ್ರೀ. ಹದ್ದ ನೋಡ್ರಿ, ಮುಂಜಾನಿ ನಿಮ್ಮ ಬಾಜೂಕ ಇತ್ತು, ಈಗ ನಮ್ಮ ಹೊಲದಾಗ ಸರದೈತಿ. ಲಗೂನ ಬಂದ ನೋಡ್ರಿ.”

ನಮ್ಮ ಕಡೆ ಆಕಾಶದಲ್ಲಿ ಹಾರುವುದೂ ಹದ್ದ, ಹೊಲದ ಗಡಿಯೂ ಹದ್ದ. ಮರಾಠಿಯವರ ಗಡಿಯ ಮಾತು, ಕನ್ನಡದ ಹಕ್ಕಿಯ ಮಾತು, ಎರಡೂ ನಮ್ಮ ಬಾಯಿಯಲ್ಲಿ ಒಂದೇ ಆಗಿಬಿಟ್ಟಿವೆ. ಅಕ್ಕ ಕೇಳಿದ್ದರೆ ಹಕ್ಕಿ ಎಂದೇ ತಿಳಿಯುತ್ತಿದ್ದರು. ಆದರೆ ಅಕ್ಕನ ಫೋನು ಪಡಸಾಲೆಯಲ್ಲಿ ಚಾರ್ಜಿಗೆ ಇತ್ತು. ಪಕ್ಕದಲ್ಲಿ ಚಹಾ ಕುಡಿಯುತ್ತ ಕೂತಿದ್ದ ಭಾವ ಅದನ್ನು ಒತ್ತಿ ಕೇಳಿದರು. ಗಡಿ ನಮ್ಮ ಹೊಲದೊಳಗೇ ಇದೆ ಎಂದು ನಾನೇ ಒಪ್ಪಿಕೊಂಡೆ ಎಂದುಕೊಂಡರು.

ಸ್ವಲ್ಪ ಹೊತ್ತಿಗೆ ಅವರ ಬೈಕು ಕೆರೆ ಸುತ್ತಿ ಬಂತು. ಭಾವನ ಕೊರಳಲ್ಲಿ ಹೊಲ ಅಳೆಯುವ ಟೇಪು ನೇತಾಡುತ್ತಿತ್ತು. ಹಿಂದೆ ಅಕ್ಕ ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. ನನಗೆ ಟೇಪು ಕಂಡರೂ ತಲೆಗೆ ಹೋಗಲಿಲ್ಲ. ಅಕ್ಕ ಬಂದರು, ಭಾವನೂ ಹಕ್ಕಿ ನೋಡಲು ಬಂದರು ಎಂದು ಹಿಗ್ಗಿಬಿಟ್ಟೆ.

“ಎಲ್ಲೈತಿ ಹದ್ದ?” ಎಂದರು ಭಾವ, ಬೈಕಿನಿಂದ ಇಳಿಯುವ ಮೊದಲೇ.

“ಅಲ್ಲೇ ಐತಲ್ರಿ ಭಾವಾರ. ಆ ಕಂಬಕ್ಕ.”

“ಕಂಬದ ತನಕಾ ಬಂತಾ?”

“ಹೌದ್ರಿ. ಮುಂಜಾನಿ ನಿಮ್ಮ ಜಾಲಿ ಗಿಡಕ್ಕಿತ್ತು.”

“ಗಿಡಕ್ಕಿದ್ದದ್ದು ಕಂಬಕ್ಕ ಹೆಂಗ ಬಂತು? ಯಾರ ಸರಿಸಿದ್ರು?”

“ಯಾರ ಸರಿಸ್ತಾರ್ರಿ? ತಾನ ಬಂದೈತಿ. ವರ್ಷಾ ಬರತೈತಿ.”

“ವರ್ಷಾ?” ಭಾವನ ದನಿ ಏರಿತು. “ವರ್ಷಾ ಸರಿಯೂದನ್ನ ಈಗ ಹೇಳಾಕತ್ತೀಯೇನ?”

“ಹೇಳಾಕ ನೀವು ಮಾತಾಡಬೇಕಲ್ರಿ,” ಎಂದೆ. ನನ್ನ ನಾಲಿಗೆಯೇ ಹಾಗೆ, ಸಂದು ಸಿಕ್ಕರೆ ಬಿಡುವುದಿಲ್ಲ. “ನಾಕ ದಿನಾ ಇರತೈತಿ, ಹೊಟ್ಟಿ ತುಂಬ ತಿಂತೈತಿ, ತನ್ನ ದಾರಿ ತಾ ಹಿಡೀತೈತಿ.”

“ಏನ ತಿಂತೈತಿ?”

“ಮೀನ್ರಿ.”

ಭಾವ ನನ್ನನ್ನು ನೋಡಿದರು, ಕಂಬ ನೋಡಿದರು, ಕಂಬದ ಮೇಲೆ ಕೂತದ್ದನ್ನು ನೋಡಿದರು. ಅಕ್ಕನ ಸೆರಗು ಬಾಯಿಗೆ ಹೋಗಿತ್ತು, ಭುಜ ಕುಣಿಯುತ್ತಿತ್ತು. “ಹಕ್ಕಿರೀ,” ಎಂದರು ನಗು ತಡೆದುಕೊಂಡು. “ಹಾರೂ ಹದ್ದ ಅದು.” ಆಗ ನನಗೂ ಟೇಪಿನ ಅರ್ಥ ಹೊಳೆಯಿತು. ನಗಬೇಕೋ ಬೈಯಬೇಕೋ ತಿಳಿಯದೆ ಮೇವಿನ ಸಿವುಡು ಕೆಳಗಿಟ್ಟೆ.

ಅಷ್ಟರಲ್ಲಿ ಅಣ್ಣನ ಬೈಕು ಕಂಡು ನಮ್ಮವರು ಹೊಲದಿಂದ ಸಲಿಕೆ ಹಿಡಿದು ದಾಪುಗಾಲು ಹಾಕುತ್ತ ಬಂದರು. ಮುಖ ನೋಡಿದರೆ ಜಗಳಕ್ಕೆ ತಯಾರಾಗಿಯೇ ಬಂದಂತಿತ್ತು. ಯಾರಾದರೂ ಬಾಯಿ ತೆರೆಯುವ ಮೊದಲೇ ಹದ್ದು ಕಂಬ ಬಿಟ್ಟು ಎದ್ದಿತು. ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿದು, ಕಾಲು ಮುಂದೆ ಚಾಚಿ ಧಪ್ ಎಂದು ಬಿತ್ತು. ಮೇಲೆದ್ದಾಗ ಕಾಲಿನಲ್ಲಿ ಮೀನು ಒದ್ದಾಡುತ್ತಿತ್ತು. ಅಕ್ಕ ಮುಖ ಹೊರಳಿಸಿದರು. “ಪಾಪ,” ಎಂದರು ಭಾವ. “ಪಾಪ,” ಎಂದರು ನಮ್ಮವರು. ಒಬ್ಬಳೇ ತಾಯಿ ಕಲಿಸಿದ ಮಾತು, ಇಬ್ಬರ ಬಾಯಿಂದಲೂ ಕೂಡಿಯೇ ಬಂತು. ಇಬ್ಬರೂ ನಾಚಿಕೊಂಡು ಬೇರೆ ಬೇರೆ ಕಡೆ ನೋಡಿದರು.

ಭಾವ ಸೋಲುವವರಲ್ಲ. ಬಂದದ್ದಕ್ಕೆ ಅಳೆದೇ ಹೋಗುತ್ತೇನೆ ಎಂದು ಜವಳಿಗೆ ಇಳಿದರು. ಟೇಪಿನ ತುದಿಯನ್ನು ಕಲ್ಲಿಗೆ ಸಿಕ್ಕಿಸಿ ನಾಲ್ಕು ಹೆಜ್ಜೆ ಹೋಗುವುದರೊಳಗೆ ಅದು ಕಿತ್ತು ಬಂತು. ಮತ್ತೆ ಸಿಕ್ಕಿಸಿದರು, ಮತ್ತೆ ಕಿತ್ತಿತು. ಟೇಪು ಒಬ್ಬನ ಕೆಲಸವಲ್ಲ. ಅಕ್ಕ ಸೀರೆ ಎತ್ತಿ ಕೆಸರಿಗೆ ಇಳಿಯಲು ಹೊರಟರು. ನಮ್ಮವರು ಸಲಿಕೆ ಊರಿ, ಮಾತಿಲ್ಲದೆ ಹೋಗಿ ಆ ತುದಿ ಹಿಡಿದು ಕೂತರು.

ಅಳೆದರು. ನಂಬಿಕೆ ಬಾರದೆ ಮತ್ತೊಮ್ಮೆ ಅಳೆದರು. ಕಡೆಗೆ ಇಬ್ಬರೂ ಮೊಣಕಾಲೂರಿ ಕಲ್ಲಿನ ಸುತ್ತ ಕೈಯಿಂದ ಕೆಸರು ತೋಡಿದರು. ಕಲ್ಲು ತಲೆಯನ್ನಷ್ಟೇ ವಾಲಿಸಿತ್ತು, ಬುಡ ವಾಟ್ನಿಯ ದಿನ ನೆಟ್ಟಲ್ಲೇ ಇತ್ತು. ಯಾರೂ ಸರಿಸಿರಲಿಲ್ಲ. ಭಾವ ಅದರ ಮೇಲಿನ ಕೆಸರನ್ನು ಅಂಗೈಯಿಂದ ಒರೆಸಿದರು. ನನ್ನ ಬಾಯಿಯಲ್ಲಿ ಹತ್ತು ಮಾತು ಕಾಯುತ್ತಿದ್ದವು. ಅಕ್ಕ ಕಣ್ಣಿನಲ್ಲೇ ಗದರಿಸಿದರು, ನುಂಗಿಕೊಂಡೆ.

ಅವರು ಎದ್ದು ನಿಂತಾಗ ಸೂರ್ಯ ಕಬ್ಬಿನ ಗರಿಯ ಮಟ್ಟಕ್ಕೆ ಇಳಿದಿದ್ದ. ಬೈಕಿನ ಮೇಲೆ ಹೋದರೂ ಆ ಕೆಸರಿನ ದಾರಿಯಲ್ಲಿ ಕೆರೆ ಸುತ್ತಿ ಮನೆ ಮುಟ್ಟಿ, ಕೈಕಾಲು ತೊಳೆದು, ತಾಟಿನ ಮುಂದೆ ಕೂಡುವ ಹೊತ್ತಿಗೆ ಹೊತ್ತು ಮುಳುಗಿರುತ್ತಿತ್ತು. ನಾಲ್ವರಿಗೂ ಅದು ಗೊತ್ತಿತ್ತು.

“ಅಣ್ಣಾ,” ಎಂದರು ನಮ್ಮವರು, ಕೆಸರಿನ ಕೈ ನೋಡಿಕೊಳ್ಳುತ್ತ. “ಹೊತ್ತ ಮುಳಗಾಕ ಬಂತು. ಉಂಡ ಹೋಗ್ರಿ.”

“ಬ್ಯಾಡ. ಒಂದ ಹೊತ್ತ ಉಪಾಸ ಇದ್ರ ಏನ ಆಗೂದಿಲ್ಲ.”

ಇನ್ನು ನನ್ನಿಂದ ತಡೆಯಲಾಗಲಿಲ್ಲ. “ನೀವ ಉಪಾಸ ಇರ್ರಿ ಭಾವಾರ, ನಾ ಬ್ಯಾಡ ಅನ್ನೂದಿಲ್ಲ. ಅಕ್ಕಾ ಯಾಕ ಇರಬೇಕು? ಅವರೇನ ಕಲ್ಲ ಅಳ್ಯಾಕ ಬಂದಿದ್ರೇನು?”

ಭಾವ ಅಕ್ಕನ ಕಡೆ ನೋಡಿದರು. ಅಕ್ಕ ನೀರನ್ನೇ ನೋಡುತ್ತ ನಿಂತಿದ್ದರು. ಭಾವ ಬೇಡ ಎಂದು ಬೈಕು ಏರಿಬಿಟ್ಟರೆ? ಈ ಸಲ ಹೋದರೆ ಮತ್ತೆ ಯಾವ ಹಕ್ಕಿಯೂ ಅಕ್ಕನನ್ನು ಕರೆತರುವುದಿಲ್ಲ ಎನಿಸಿತು. ಭಾವ ಬಗ್ಗಿ ಕೆರೆಯ ನೀರಿನಲ್ಲಿ ಕೈ ತೊಳೆದರು.

“ಲಗೂ ನೀಡ ಹಂಗಾರ,” ಎಂದರು.

ಅಷ್ಟು ಅವಸರದ ಊಟವನ್ನು ನಾನು ಎಂದೂ ಬಡಿಸಿಲ್ಲ. ಅಂಗಳದಲ್ಲೇ ತಾಟು ಹಾಕಿದೆ. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ. ನಾಲ್ವರೂ ಸೂರ್ಯನ ಕಡೆ ಒಂದು ಕಣ್ಣಿಟ್ಟು ಗಬಗಬ ಉಂಡೆವು. ಮಾತಿಗೆ ಪುರುಸೊತ್ತೇ ಇರಲಿಲ್ಲ, ಅದೇ ಒಳ್ಳೆಯದಾಯಿತು. ಕೈ ತೊಳೆದ ಮೇಲೆ ಅಣ್ಣತಮ್ಮ ಹೊಸ್ತಿಲ ಬದಿಗೆ ಕೂತು ಮೋಟಾರಿನ ಮಾತು ತೆಗೆದರು, ಬಾವಿಯ ನೀರಿನ ಮಾತು ತೆಗೆದರು. ಮಾತು ಮೊದಲು ಕುಂಟುತ್ತಿತ್ತು, ಆಮೇಲೆ ನಡೆಯಿತು.

ಬೆಳಕು ಇನ್ನೂ ಇತ್ತು. ನಾನು ಅಕ್ಕನ ಕೈ ಹಿಡಿದು ದಂಡೆಗೆ ಕರೆದುಕೊಂಡು ಹೋದೆ. ಮುಳುಗಿದ ಸೂರ್ಯನ ಕೆಂಪು ನೀರಿನ ತುಂಬ ಇತ್ತು. ಬೆಳ್ಳಕ್ಕಿಗಳು ಸಾಲು ಹಿಡಿದು ಗೂಡಿಗೆ ಮರಳುತ್ತಿದ್ದವು. ಅಕ್ಕ ನನ್ನ ಬದಿಗೆ ಕೂತರು. ನಾನು ದೂರು ಹೇಳತೊಡಗಿದೆ. ನೀವಿಲ್ಲದೆ ಎಷ್ಟು ಹೊಸ ಹಕ್ಕಿ ಬಂದು ಹೋದವು, ಒಂದಕ್ಕೂ ಹೆಸರಿಡುವವರಿರಲಿಲ್ಲ, ನಿಮಗಾದರೂ ಆ ದಂಡೆಯಿಂದ ಚೆನ್ನಾಗಿ ಕಾಣುತ್ತಿದ್ದವೇನೋ ಎಂದೆ.

“ಆ ಕಡಿಂದ ಹಕ್ಕಿ ಎಲ್ಲಿ ಕಾಣತಾವ ಬೇ? ನಮ್ಮ ದಂಡಿಗೆ ಬರೇ ಆಪ. ನೀರ ಸುದ್ದಾ ಕಾಣೂದಿಲ್ಲ, ಆಪಿನ ಮ್ಯಾಲ ಈ ದಂಡಿ ಅಷ್ಟ.”

“ಹಂಗಾರ ಸಂಜೀಕ ಏನ ಮಾಡ್ತಿದ್ರಿ?”

“ಉಂಡ ಬಂದ ದಂಡಿ ಮ್ಯಾಲ ಕುಂಡ್ರತಿದ್ದೆ. ದಿನಾ.”

“ಹಕ್ಕಿ ಕಾಣದ ಜಾಗಾದಾಗ ದಿನಾ ಯಾಕ ಬಂದ ಕುಂಡ್ರತಿದ್ರಿ ಅಕ್ಕಾ?”

ಅಕ್ಕ ನನ್ನ ಕಡೆ ತಿರುಗಲಿಲ್ಲ. ಆಚೆಯ ದಂಡೆಯನ್ನೇ ನೋಡುತ್ತ ಹೇಳಿದರು.

“ನೀ ಕಾಣತಿದ್ದಿ ಅಲ್ಲೇನ.”